ಅಮ್ಮನ ಪಟದ ದೀಪ

ಹೌ ದೆಮಿಂಗನ ತಾಯಿ ಬೇಸಿಗೆಯಲ್ಲೇ ತೀರಿಕೊಂಡಿದ್ದಳು. ಚಳಿಗಾಲ ಕಾಲಿಟ್ಟರೂ ನಾನ್‌ಜಿಂಗಿನ ಸ್ಮಾರಕ ಭವನದ ಮಟ್ಟಿಗೆ ಅವಳು ಇನ್ನೂ ಬದುಕಿದ್ದಳು. ಬದುಕಿಸಿಟ್ಟವನು ದೆಮಿಂಗನೇ.

1937ರ ಚಳಿಗಾಲದಲ್ಲಿ ಜಪಾನಿ ಸೈನಿಕರು ಆ ನಗರದಲ್ಲಿ ನಡೆಸಿದ ಹತ್ಯಾಕಾಂಡದಲ್ಲಿ ಹೇಗೋ ಉಳಿದುಕೊಂಡವರ ಪಟಗಳು ಭವನದ ಒಂದು ಗೋಡೆಯ ತುಂಬ ಇವೆ. ಬದುಕಿರುವವರ ಪಟದ ಹಿಂದೆ ದೀಪ ಉರಿಯುತ್ತದೆ. ಒಬ್ಬರು ಸತ್ತರೆ ಮನೆಯವರನ್ನು ಕರೆಸಿ, ಎಲ್ಲರೂ ತಲೆಬಾಗಿ ನಿಂತು, ಆ ದೀಪ ಆರಿಸುತ್ತಾರೆ. ವರ್ಷ ವರ್ಷವೂ ಗೋಡೆ ಕಪ್ಪಾಗುತ್ತಾ ಬಂದಿದೆ. ಅಮ್ಮ ಸತ್ತದ್ದು ಹೆಫೆ ಊರಿನಲ್ಲಿ, ಮಗಳ ಮನೆಗೆಂದು ಹೋಗಿದ್ದಾಗ. ಸಂಸ್ಕಾರವೂ ಅಲ್ಲೇ ಆಯಿತು. ಭವನದವರಿಗೆ ನಾನು ತಿಳಿಸುತ್ತೇನೆ ಎಂದು ತಂಗಿಗೆ ಹೇಳಿ ಬಂದವನು ತುಟಿ ಪಿಟಕ್ಕೆನ್ನಲಿಲ್ಲ.

ಕಾರಣ ಕೇಳಿದರೆ ಅವನಿಗೇ ನಾಚಿಕೆ. ಹುಡುಗನಾಗಿದ್ದಾಗ ಅಮ್ಮ ಊಟದ ಹೊತ್ತಿನಲ್ಲಿ "ಆ ಚಳಿಗಾಲದಲ್ಲಿ..." ಎಂದು ಬಾಯಿ ತೆರೆದರೆ ಸಾಕು, "ಮತ್ತೆ ಶುರು ಮಾಡ್ದೆಯಾ!" ಎಂದು ಬಟ್ಟಲು ಹಿಡಿದು ಹೊರಗೆ ಹೋಗಿಬಿಡುತ್ತಿದ್ದ. ಕಡೆಗೆ ಅವಳು ಮನೆಯಲ್ಲಿ ಹೇಳುವುದನ್ನೇ ಬಿಟ್ಟಳು. ಭವನಕ್ಕೆ ಹೋಗಿ ಕಂಡವರ ಮಕ್ಕಳಿಗೆ ಹೇಳಿದಳು. ದೆಮಿಂಗ್ ನಗರ ಸಾರಿಗೆಯ ಬಸ್ ಓಡಿಸುತ್ತಿದ್ದವನು. ನೌಕರಿಯುದ್ದಕ್ಕೂ ಭವನದ ಮುಂದೆ ಬಸ್ ನಿಲ್ಲಿಸಿದ. ಒಂದು ದಿನವೂ ಇಳಿದು ಒಳಗೆ ಹೋಗಲಿಲ್ಲ.

ಈಗ ವಾರಕ್ಕೊಮ್ಮೆ ತರಕಾರಿ ಸಂತೆ ಮುಗಿಸಿ, ಈರುಳ್ಳಿ ಸೊಪ್ಪಿನ ಚೀಲ ತೊಡೆಯ ಮೇಲಿಟ್ಟುಕೊಂಡು, ಭವನದಲ್ಲಿ ಅಮ್ಮನ ಬೆಳಗುವ ಮುಖದ ಎದುರು ಕೂರುತ್ತಿದ್ದ.

"ಏ ಮುದುಕಾ, ಬದುಕಿದ್ದಾಗ ಅತ್ತೆ ಪಕ್ಕ ಕೂರೋಕೆ ನಿಂಗೆ ಪುರುಸೊತ್ತಿರ್ಲಿಲ್ಲ. ಈಗ ನೋಡು, ವಾರವಾರ ದರ್ಶನ!" ಎಂದು ಹೆಂಡತಿ ಲಿಹೊಂಗ್ ಚುಚ್ಚಿದಳು. "ಭವನದೋರಿಗೆ ಹೇಳ್ಬಿಡು. ಸತ್ತೋರ ಹೆಸ್ರಲ್ಲಿ ಸುಳ್ಳು ಒಳ್ಳೇದಲ್ಲ."

"ಹೇಳಿದ್ರೆ ದೀಪ ಆರಿಸ್ತಾರೆ ಕಣೇ. ಅದೊಂದಾದ್ರೂ ಉರೀತಿರ್ಲಿ."

ದೀಪದ ವಿಷಯದಲ್ಲಿ ತಾಯಿ ಮಗನ ಜಗಳ ಹಳೆಯದು. ಕತ್ತಲಾದರೆ ಸಾಕು, ಅಮ್ಮ ಮನೆಯ ದೀಪಗಳನ್ನೆಲ್ಲ ಆರಿಸುತ್ತಾ ಬರುತ್ತಿದ್ದಳು. ಪೇಪರ್ ಓದುತ್ತಾ ಕೂತ ಮಗನ ಬಾಗಿಲಲ್ಲಿ ನಿಂತು, "ದೀಪ ಆರ್ಸೋ ಮಗಾ" ಎನ್ನುವಳು. "ಕರೆಂಟ್ ಬಿಲ್ ಕಟ್ಟೋನು ನಾನು, ನಿಂಗ್ಯಾಕೆ ಸಂಕಟ?" ಎಂದು ಇವನು ರೇಗುವನು. ಜಿಪುಣಿ ಮುದುಕಿ ಎಂದು ಗೆಳೆಯರ ಮುಂದೆ ಆಡಿಕೊಂಡು ನಕ್ಕದ್ದೂ ಉಂಟು. ಹೋದ ವರ್ಷ ಅವಳು ಬಚ್ಚಲಿಗೆ ಹೋಗುವಾಗ ಎಡವಿ ಬಿದ್ದಳು. ಅವಳ ಕೋಣೆಗೆ ಕಣ್ಣು ಕುಕ್ಕುವಂಥ ಬಲ್ಬು ಹಾಕಿಸಿ, ಆರಿಸಲಾಗದಂತೆ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ. ಅಮ್ಮ ಮುಖದ ಮೇಲೆ ಟವೆಲ್ ಎಳೆದುಕೊಂಡು ಮಲಗತೊಡಗಿದಳು. ತಾಯಿಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು ಇವನು ಒಳಗೊಳಗೇ ಬೀಗಿದ್ದ.

ಡಿಸೆಂಬರಿನ ಸ್ಮರಣೆಯ ದಿನ ಹತ್ತಿರವಾದಾಗ ಭವನದ ಹುಡುಗಿ ತಾನ್ ಮನೆಗೆ ಬಂದಳು. ಉಳಿದುಕೊಂಡ ಹಿರಿಯರನ್ನು ವಿಚಾರಿಸಿಕೊಳ್ಳುವುದು ಅವಳ ಕೆಲಸ. ಕಂಕುಳಲ್ಲಿ ದಪ್ಪನೆಯ ಹೊಸ ರಜಾಯಿ.

"ಅಜ್ಜಿಗೆ ತಂದಿದೀನಿ, ತಗೊಳ್ಳಿ. ಎಲ್ಲಿ ಚಿಕ್ಕಪ್ಪಾ, ಕಾಣಿಸ್ತಿಲ್ಲ?"

"ಹೆಫೇಲಿದ್ದಾಳಮ್ಮ. ತಂಗಿ ಹತ್ರ."

ಪೂರ್ತಿ ಸುಳ್ಳೇನಲ್ಲ. ಅಮ್ಮನ ಬೂದಿಯ ಕರಂಡ ಇದ್ದದ್ದು ಅಲ್ಲೇ.

"ಫೋನ್ ಹಚ್ಚಿ ಕೊಡಿ, ಒಂದ್ಮಾತು ಆಡ್ತೀನಿ."

"ಈಗ ಮಲಗಿರ್ತಾಳೆ."

"ಮಟಮಟ ಮಧ್ಯಾಹ್ನ?"

ಅಡುಗೆಮನೆಯಲ್ಲಿ ಬಾತುಕೋಳಿ ಸಾರು ಕುದಿಸುತ್ತಿದ್ದ ಲಿಹೊಂಗ್ ಸೌಟನ್ನು ಪಾತ್ರೆಗೆ ಜೋರಾಗಿ ಬಡಿದಳು. ದೆಮಿಂಗನ ಕಿವಿ ಕೆಂಪಾಯಿತು. ರಜಾಯಿಯನ್ನು ಕೈಯಲ್ಲಿ ಹಿಡಿದೇ ಕೂತಿದ್ದ. ಅದು ಅವನಿಗೆ ಕಲ್ಲಿನಷ್ಟು ಭಾರವಾಗಿತ್ತು.

ತಾನ್ ತನ್ನ ಫೋನ್ ತೆಗೆದಳು. "ಅಜ್ಜಿ ಹಿಂದೆ ಹೇಳಿದ್ದನ್ನ ಆ ದಿನ ಎಲ್ಲರಿಗೂ ಕೇಳಿಸ್ಬೇಕು ಅಂತಿದೀವಿ. ಅವ್ರು ಆಗ್ಲೇ ಒಪ್ಪಿದ್ರು. ಆದ್ರೆ ಇದ್ರಲ್ಲಿ ನಿಮ್ಮ ಮಾತೂ ಬರತ್ತೆ. ನೀವೂ ಒಂದ್ಸಲ ಕೇಳಿ, ಆಮೇಲೆ ಹ್ಞೂಂ ಅನ್ನಿ."

ಬಟ್ಟಲು ಹಿಡಿದು ಎದ್ದು ಹೋಗೋಣವೆಂದರೆ ಅವನು ಈಗ ಹುಡುಗನಲ್ಲ. ಫೋನಿನಿಂದ ಅಮ್ಮನ ದನಿ ಬಂತು.

"ನೆಲಮಾಳಿಗೇಲಿ ಉಪ್ಪು ಹಾಕಿಟ್ಟ ಸೊಪ್ಪಿನ ಜಾಡಿಗಳ ಹಿಂದೆ ಅಡಗಿದ್ವಿ. ತಮ್ಮ ಹಸಿವಿಗೆ ಅಳ್ತಿದ್ದ. ಗಂಜಿ ಕುಡಿಸ್ಬೇಕು, ಒಂಚೂರು ದೀಪ ಹಚ್ಚು ಅಂದ್ಲು ಅಮ್ಮ. ಹಚ್ಚಿದ್ದು ನಾನು. ಹಲಗೆ ಸಂದಿಯಿಂದ ಬೆಳಕು ಹೊರಗೆ ಹೋಗಿದೆ, ಗೊತ್ತಾಗ್ಲಿಲ್ಲ. ಸೈನಿಕರು ಹಲಗೆ ಕಿತ್ತ್ರು. ಅಮ್ಮ ನನ್ನನ್ನ ಜಾಡಿ ಹಿಂದಕ್ಕೆ ತಳ್ಳಿದ್ಲು. ಅವಳೂ ಹೋದ್ಲು, ತಮ್ಮನೂ ಹೋದ. ಇವತ್ತಿಗೂ ರಾತ್ರಿ ದೀಪ ಉರೀತಿದ್ರೆ ಆ ಸೈನಿಕರು ಬರ್ತಾರೆ ಅನ್ಸತ್ತೆ, ಕಣ್ಣು ಮುಚ್ಚೋಕಾಗಲ್ಲ. ಮಗ ಬೈತಾನೆ. ಅವನಿಗೆ ಹೆಂಗೆ ಹೇಳ್ಲಿ? ಬೆಳಿಗ್ಗೆ ಎದ್ದು ಬಸ್ ಓಡಿಸ್ಬೇಕು ಪಾಪ. ಅವನಾದ್ರೂ ನಿದ್ದೆ ಮಾಡ್ಲಿ."

ಸೌಟಿನ ಸದ್ದು ನಿಂತಿತ್ತು. ದೆಮಿಂಗನ ಕಣ್ಣ ಮುಂದೆ ಟವೆಲ್ ಹೊದ್ದ ಮುಖ ಬಂದು ನಿಂತಿತು. ಟೇಪು ಅಂಟಿಸಿದ್ದು ಇದೇ ಕೈ ಎಂದು ಕೈಯನ್ನೇ ನೋಡಿದ. ಅಷ್ಟು ಸಾಲದು ಎಂಬಂತೆ, ಸತ್ತ ಮೇಲೂ ಅವಳ ಬೆನ್ನಿಗೆ ದೀಪ ಹಚ್ಚಿಟ್ಟಿದ್ದ.

"ಈ ರಜಾಯಿ ವಾಪಸ್ ತಗೊಂಡ್ಹೋಗಮ್ಮಾ," ಎಂದ. "ಅಮ್ಮ ಇಲ್ಲ. ಬೇಸಿಗೇಲೇ ಹೋಗ್ಬಿಟ್ಲು. ನಾನು ಹೇಳ್ಲಿಲ್ಲ."

ತಾನ್ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಯಾಕೆ ಚಿಕ್ಕಪ್ಪಾ?" ಎಂದಳು ಅಷ್ಟೇ.

"ದೀಪ ಇದ್ರೆ ಅಮ್ಮ ಇದ್ದಂಗೆ ಅಂದ್ಕೊಂಡೆ. ಅವಳ ಮಾತು ಎಲ್ಲರಿಗೂ ಕೇಳಿಸಿ. ಮಗ ಬೈತಾನೆ ಅಂದಿದ್ದನ್ನೂ ತೆಗೀಬೇಡಿ. ಆದ್ರೆ ದೀಪ ಬೇಗ ಆರಿಸ್ಬಿಡಿ."

ಆ ವಾರವೇ ಕರೆಸಿದರು. ಭವನದವರು ಬಿಳಿ ಸೇವಂತಿಗೆ ಹಿಡಿದು ಸಾಲಾಗಿ ನಿಂತರು. ಇಂಥ ಹೊತ್ತಿನಲ್ಲಿ ಮನೆಯವರು ಇನ್ನೊಂದು ಕ್ಷಣ ಎಂದು ಬೇಡಿಕೊಳ್ಳುತ್ತಾರೆ, ಅವಸರವಿಲ್ಲ ಎಂದು ತಾನ್ ಪಿಸುಗುಟ್ಟಿದಳು. ದೆಮಿಂಗನಿಗೆ ಅವಸರವಿತ್ತು. ಬೇಸಿಗೆಯಿಂದ ಒಂದೇ ಸಮನೆ ಬೆಳಗುತ್ತಿದ್ದ ಅಮ್ಮನ ಮುಖವನ್ನು ಒಮ್ಮೆ ನೋಡಿ, ತಾನೇ ಸ್ವಿಚ್ಚು ಒತ್ತಿದ. ಮುಖ ಕತ್ತಲಿಗೆ ಇಳಿಯಿತು.

"ಆರಿಸ್ದೆ ಕಣಮ್ಮಾ," ಎಂದ. "ಮಲಗು."