ಹಿಂದಿನ ಸಾಲಿನ ಪಿಸುಮಾತು

ಗೇಟಿನ ಕಾವಲುಗಾರ ಚೀಲದೊಳಗಿಂದ ಕತ್ತರಿಯನ್ನು ಎತ್ತಿ ಹಿಡಿದ. ದಪ್ಪ ಬಟ್ಟೆ ಕತ್ತರಿಸಲು ದರ್ಜಿಗಳು ಇಟ್ಟುಕೊಳ್ಳುವ, ಕಪ್ಪು ಹಿಡಿಯ ದೊಡ್ಡ ಕತ್ತರಿ.

"ಏನ್ ಸಾರ್ ಇದು?"

"ಕತ್ತರಿ," ಎಂದರು ತಡೀರಿ ಸಾರ್. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಸ್ಸಿಳಿದು ಗೇಟು ಮುಟ್ಟುವಷ್ಟರಲ್ಲಿ ಮಳೆ ಅವರನ್ನು ತೊಪ್ಪೆ ಮಾಡಿತ್ತು.

"ಅದು ಕಾಣ್ತಿದೆ ಸಾರ್. ಆಫೀಸಿಗೆ ಯಾಕೆ ತಂದ್ರಿ?"

"ಮನೆಯವಳು ತಗೊಂಡು ಹೋಗಿ ಅಂದ್ಳು, ಅದಕ್ಕೇ ತಂದೆ."

ಕಾವಲುಗಾರನಿಗೆ ಸಮಾಧಾನವಾಗಲಿಲ್ಲ. ಸಾರ್ ಮನೆಗೆ ಫೋನ್ ಮಾಡಿದರು. "ಅಯ್ಯೋ, ನಾನು ಹೇಳಿದ್ದು ಛತ್ರಿ ಕಣ್ರೀ! ಛತ್ರಿ!" ಎಂದು ಹೆಂಡತಿ ಕೂಗಿದ್ದು ಕಾವಲುಗಾರನಿಗೂ, ಅವನ ಹಿಂದೆ ನಿಂತಿದ್ದ ಲಾರಿ ಡ್ರೈವರಿಗೂ ಸ್ಪಷ್ಟವಾಗಿ ಕೇಳಿಸಿತು. ತಡೀರಿ ಸಾರ್‌ಗೆ ಮಾತ್ರ ಅದೂ ಕತ್ತರಿ ಎಂದೇ ಕೇಳಿಸಿತು.

"ಹೂಂ, ಅದನ್ನೇ ತಂದಿದ್ದೀನಿ ಅಂತ ತಾನೆ ಹೇಳ್ತಿರೋದು," ಎಂದು ರೇಗಿ ಫೋನ್ ಇಟ್ಟರು.

ಆ ಕಂಪನಿ ಮಿಕ್ಸರು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲು ಇಂಥವನ್ನೆಲ್ಲ ಮಾಡುತ್ತಿತ್ತು. ಪೆಟ್ಟಿಗೆಯೊಳಗೆ ಮಡಚಿಟ್ಟಿರುವ, 'ಬಳಸುವ ಮುನ್ನ ಓದಿ' ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಯಾರೂ ಓದದ ಹಾಳೆ ಇರುತ್ತದಲ್ಲ, ಅದನ್ನು ಬರೆಯುವುದು ತಡೀರಿ ಸಾರ್ ಕೆಲಸ. ಒದ್ದೆ ಕೈಯಲ್ಲಿ ಮುಟ್ಟಬೇಡಿ, ಮಕ್ಕಳಿಂದ ದೂರವಿಡಿ ಎಂದು ಜೀವಮಾನವೆಲ್ಲ ಬರೆದೂ ಬರೆದೂ, ಯಾವುದಕ್ಕೂ "ಸ್ವಲ್ಪ ತಡೀರಿ" ಎನ್ನುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಹೆಸರಿನ ಜಾಗದಲ್ಲಿ ಅದೇ ಮಾತು ಬಂದು ಕುಳಿತು ಎಷ್ಟೋ ಕಾಲವಾಗಿತ್ತು.

ಮನೆಯಲ್ಲೂ ಅಷ್ಟೆ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದರು. ಬೆಳಿಗ್ಗೆ ತರಗತಿ ಶುರುವಾಗುವ ಮೊದಲು ಪೇಪರಿನ ವಿಜ್ಞಾನದ ಸುದ್ದಿಯನ್ನು ಗಟ್ಟಿಯಾಗಿ ಓದುವುದು ಅವರ ಖುಷಿ.

"ನೋಡ್ರೀ, ದಿನಾ ಚಾಕೊಲೇಟ್ ತಿಂದ್ರೆ ಮರೆವು ಬರಲ್ವಂತೆ."

"ಸಂಶೋಧನೆಗೆ ದುಡ್ಡು ಕೊಟ್ಟೋರು ಯಾರಂತೆ? ಚಾಕೊಲೇಟ್ ಮಾರೋರು ತಾನೆ?"

"ಯಾರಾದ್ರೂ ಕೊಡ್ಲಿ ಬಿಡ್ರೀ. ನನಗೆ ಚಾಕೊಲೇಟ್ ತಗೊಂಡು ಬನ್ನಿ."

"ಮೊನ್ನೆ ಇದೇ ಪೇಪರು ಸಿಹಿ ಮುಟ್ಟಬೇಡಿ ಅಂದಿತ್ತು. ಮುಟ್ಟಬೇಡಿ ಅಂದಿದ್ದನ್ನ ಮರೆತಿದ್ದೀಯ ಅಂದ್ರೆ, ಅಷ್ಟೊಂದು ಚಾಕೊಲೇಟ್ ತಿಂದಿದ್ದು ದಂಡ."

ಇಂಥ ಮನುಷ್ಯನಿಗೆ ಕಿವಿ ಮಂದವಾಗಿದೆ ಎಂದು ನಂಬಿಸುವುದು ಹೇಗೆ? ಲೋಕದ ಜನರೆಲ್ಲ ಇತ್ತೀಚೆಗೆ ಮಾತು ನುಂಗುತ್ತಾರೆ ಎನ್ನುವುದು ಅವರ ಖಚಿತ ಅಭಿಪ್ರಾಯವಾಗಿತ್ತು. ಕತ್ತರಿಯ ಪ್ರಸಂಗ ಆದಮೇಲೆ ಹೆಂಡತಿ ವಾದಕ್ಕೆ ನಿಲ್ಲಲಿಲ್ಲ. ಕೈ ಹಿಡಿದು ಕಿವಿಯ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದರು.

ಪರೀಕ್ಷೆ ಮಾಡಿದ ತರುಣಿ ಒಂದು ಗೆರೆಯ ಚಿತ್ರ ತೋರಿಸಿ, ಸಣ್ಣ ಸದ್ದುಗಳೆಲ್ಲ ಜಾರಿಹೋಗುತ್ತಿವೆ ಎಂದಳು.

"ಸ್ವಲ್ಪ ತಡೀರಿ. ನಿಮ್ಮ ಯಂತ್ರ ಸರಿಯಾಗಿದೆ ಅಂತ ಯಾರು ಪರೀಕ್ಷೆ ಮಾಡಿದ್ದು?"

ತರುಣಿ ನಕ್ಕು, ಕಿಟಕಿಯ ಪರದೆ ಸರಿಪಡಿಸಲು ಆಚೆ ತಿರುಗಿಕೊಂಡಳು. ಪರದೆ ಸರಿಪಡಿಸಿ ಮತ್ತೆ ಇವರತ್ತ ತಿರುಗಿದಳು. ಹೆಂಡತಿ ಏಕೆ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಾರೆಂದು ಸಾರ್‌ಗೆ ತಿಳಿಯಲಿಲ್ಲ.

"ಅವರು ನಿಮಗೆ ಉತ್ತರ ಹೇಳಿದ್ರು ಕಣ್ರೀ," ಎಂದರು ಹೆಂಡತಿ. "ಪೂರ್ತಿ ಹೇಳಿದ್ರು. ಒಂದು ಪ್ರಶ್ನೇನೂ ಕೇಳಿದ್ರು."

ಸಾರ್ ಗೋಡೆಯನ್ನು ನೋಡಿದರು. ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ, "ಎಷ್ಟು ದಪ್ಪ ಇರುತ್ತೆ ಅದು?" ಎಂದು ಮೆಲ್ಲಗೆ ಕೇಳಿದರು.

ಶ್ರವಣಯಂತ್ರ ಕಡಲೆ ಬೀಜದಷ್ಟೇ ಇತ್ತು. ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಮನೆಗೆ ಬಂದ ದಿನ ಸಾರ್ ಕೋಣೆಯಿಂದ ಕೋಣೆಗೆ ಹೊಸ ಬಾಡಿಗೆದಾರನಂತೆ ಓಡಾಡಿದರು. ಪೇಪರು ಮಗುಚಿದರೆ ಒಣಗಿದ ಎಲೆ ತುಳಿದಂಥ ಸದ್ದು. ಅವರ ಚಪ್ಪಲಿಯೇ ಕಿರುಗುಟ್ಟುತ್ತಿತ್ತು.

"ಈ ಫ್ರಿಜ್ ಯಾವಾಗಿಂದ ಹೀಗೆ ಗೊಣಗ್ತಿದೆ?"

"ನಿಮ್ಮ ಜೊತೆ ಇದ್ದೂ ಇದ್ದೂ," ಎಂದರು ಹೆಂಡತಿ.

ಮಾರನೆಯ ದಿನ ಆಫೀಸಿನಲ್ಲಿ ವಾರದ ಮೀಟಿಂಗ್. ಮುಖ್ಯಸ್ಥೆ ಮೇಡಂ ಎರಡು ವರ್ಷದ ಹಿಂದೆ ಬಂದವರು. ಕೆಲಸದಲ್ಲಿ ಚುರುಕು, ಮನಸ್ಸಿನಲ್ಲಿ ಕಪಟವಿಲ್ಲ. ಆದರೆ ಎಲ್ಲೋ ಯಾವುದೋ ಸಂಶೋಧನೆಯ ಸುದ್ದಿ ಓದಿದರೆ ಅದು ಆ ವಾರವೇ ಆಫೀಸಿನಲ್ಲಿ ಜಾರಿಯಾಗಬೇಕು. ನಿಂತುಕೊಂಡು ಮೀಟಿಂಗ್ ಮಾಡಿದ್ದಾಯಿತು. ಮೇಜಿಗೊಂದು ಗಿಡ ಬಂದಿದ್ದಾಯಿತು. ತಡೀರಿ ಸಾರ್ ಯಾವಾಗಲೂ ಕೊನೆಯ ಸಾಲಿನಲ್ಲಿ ಚಿತ್ರಗಾರ್ತಿಯ ಪಕ್ಕ ಕೂರುತ್ತಿದ್ದರು. ಅವರ ಹಾಳೆಗಳಿಗೆ ಕೈ, ಪ್ಲಗ್ಗು, ಬಾಣದ ಗುರುತುಗಳನ್ನು ಬರೆಯುವ ಹೆಣ್ಣುಮಗಳು ಆಕೆ. ಮಾತು ಕಡಿಮೆ, ದನಿ ಏರಿಳಿತವಿಲ್ಲದ್ದು. ಬೆಂಕಿ ಬಿದ್ದಿದೆ ಎಂದು ಹೇಳಬೇಕಾದರೂ ಬಸ್ಸಿನ ನಂಬರು ಹೇಳಿದಂತೆ ಹೇಳುವಾಕೆ. ಮೇಡಂ ಮಾತಾಡುವಾಗ ಸಾರ್ ಆಕೆಗೆ ಮಾತ್ರ ಕೇಳುವಂತೆ ಒಂದೊಂದು ಮಾತು ಪಿಸುಗುಟ್ಟುವುದು ರೂಢಿ. ಆಕೆ ನಗುತ್ತಿರಲಿಲ್ಲ, ಪೆನ್ಸಿಲನ್ನು ಮಾತ್ರ ಒಮ್ಮೆ ತಿರುಗಿಸುತ್ತಿದ್ದಳು.

"ಇನ್ನು ಮೇಲೆ ಮಧ್ಯಾಹ್ನ ಊಟ ಆದ್ಮೇಲೆ ಹತ್ತು ನಿಮಿಷ ಎಲ್ಲರೂ ಕಣ್ಣು ಮುಚ್ಚಿ ಕೂರೋಣ," ಎಂದರು ಮೇಡಂ. "ಮೆದುಳಿಗೆ ಒಳ್ಳೇದು ಅಂತ ಸಾಬೀತಾಗಿದೆ."

ಸಾರ್ ಎಂದಿನಂತೆ ಚಿತ್ರಗಾರ್ತಿಯ ಕಡೆ ವಾಲಿ ಪಿಸುಗುಟ್ಟಿದರು: "ಹಿಂದೆ ಇದಕ್ಕೇ ಮೆಮೊ ಕೊಡ್ತಿದ್ರು."

ಆ ಮಾತು ಅವರ ಕಿವಿಗೇ ಬಡಿಯಿತು. ಸಂತೆಯ ಆ ತುದಿಯಿಂದ ಯಾರೋ ಕೂಗಿ ಕರೆದಂತಿತ್ತು. ಅದರ ಬೆನ್ನಿಗೇ ಇಡೀ ಕೋಣೆಯ ನಗು ಕೇಳಿಸಿತು. ಅದೊಂದು ಹಳೆಯ, ಪಳಗಿದ ನಗು. ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಮೇಡಂ ಸಹ ನಗು ಮುಗಿಯಲಿ ಎಂದು ಕಾದು ಮುಂದುವರಿಸಿದರು.

ಚಹಾದ ಹೊತ್ತಿಗೆ ಸಾರ್ ಚಿತ್ರಗಾರ್ತಿಯನ್ನು ಮೂಲೆಗೆ ಕರೆದರು. "ನಾನು ಯಾವಾಗ್ಲೂ ಇಷ್ಟು ಜೋರಾಗೇ ಮಾತಾಡ್ತೀನಾ?"

"ಹೌದು ಸಾರ್."

"ಎಲ್ಲರಿಗೂ ಕೇಳ್ಸುತ್ತಾ?"

"ಕೆಳಗಡೆ ಪ್ಯಾಕಿಂಗ್‌ನವರಿಗೆ ಅಷ್ಟು ಸರಿಯಾಗಿ ಕೇಳ್ಸಲ್ಲ. ಆಮೇಲೆ ಬಂದು ಕೇಳಿ ತಿಳ್ಕೋತಾರೆ."

ಸಾರ್ ಗೋಡೆಗೆ ಒರಗಿದರು. ಹೇಳಿದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ನಾವೆಲ್ಲ ಒಂದೇ ಕುಟುಂಬ ಎಂದು ಮೇಡಂ ಹೇಳಿದಾಗ, "ಮನೇಲಿ ಯಾರೂ ಹಾಜರಿಗೆ ಬೆರಳು ಒತ್ತಿ ಒಳಗೆ ಬರಲ್ಲ" ಎಂದಿದ್ದು. ಗಿಡದಿಂದ ಕೆಲಸ ಚುರುಕಾಗುತ್ತದೆ ಎಂದಾಗ, "ಗಿಡಕ್ಕೇ ಸಂಬಳ ಕೊಟ್ಟು ನೋಡಿ" ಎಂದಿದ್ದು. ಮೇಡಂ ಅವರ ಹೊಸ ಕನ್ನಡಕದ ಬಗ್ಗೆ ಹೇಳಿದ್ದು ನೆನಪಾದಾಗ ಅವರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅಂದಿನಿಂದ ಅವರು ಬಾಯಿಗೆ ಬೀಗ ಹಾಕಿಕೊಂಡರು. ಮೀಟಿಂಗಿನಲ್ಲಿ ಕೈಕಟ್ಟಿ ಕೂತು ಮೇಜಿನ ಅಂಚನ್ನು ನೋಡುತ್ತಿದ್ದರು. ಮೇಡಂ ಏನಾದರೂ ಹೊಸದು ಹೇಳಿ ಒಂದು ಗಳಿಗೆ ನಿಲ್ಲುವರು; ಇಡೀ ಕೋಣೆ ಕಿವಿ ನಿಮಿರಿಸುವುದು; ಕೊನೆಯ ಸಾಲಿನಿಂದ ಏನೂ ಬಾರದು. ಮೇಡಂ ತುಸು ಗಲಿಬಿಲಿಗೊಂಡು ಮುಂದಿನ ವಿಷಯಕ್ಕೆ ಹೋಗುವರು. ಹಾಗೆ ಏನೇನೋ ಪಾಸಾಗಿ ಹೋಯಿತು. ಒಂದು ವಾರ, ಮೀಟಿಂಗ್ ಕಡಿಮೆ ಮಾಡುವುದು ಹೇಗೆಂದು ಚರ್ಚಿಸಲು ಪ್ರತ್ಯೇಕ ಮೀಟಿಂಗ್ ಬೇಕೆಂದು ತೀರ್ಮಾನವಾಯಿತು. ಎಂಥ ಮಾತು ಗಂಟಲವರೆಗೆ ಬಂದಿತ್ತು! ಸಾರ್ ನುಂಗಿಕೊಂಡರು. ಹೊಟ್ಟೆ ಉಬ್ಬರಿಸಿದಂತಾಯಿತು.

ಮನೆಯಲ್ಲೂ ಅವರ ಸದ್ದಿಲ್ಲ. "ಬೆಳಿಗ್ಗೆ ಬೇಗ ಏಳೋರು ಬುದ್ಧಿವಂತರಂತೆ," ಎಂದು ಹೆಂಡತಿ ಓದಿದರೆ, "ಇರಬಹುದು" ಎಂದರು. ಹೆಂಡತಿ ಪೇಪರು ಕೆಳಗಿಟ್ಟು ಅವರ ಹಣೆ ಮುಟ್ಟಿ ನೋಡಿದರು.

"ಕಿವಿ ಬಂದು ಬಾಯಿ ಹೋಯ್ತಲ್ರೀ ನಿಮಗೆ!"

"ಈಗ ಕೇಳ್ಸುತ್ತೆ ಕಣೇ, ನಾನು ಏನು ಮಾತಾಡ್ತೀನಿ ಅಂತ ಗೊತ್ತಾಗುತ್ತೆ."

"ಗೊತ್ತಿದ್ದೇ ಮಾತಾಡಿ. ಯಾರು ಬೇಡ ಅಂದ್ರು?"

ಹೀಗಿರುವಾಗ ಒಂದು ಮೀಟಿಂಗಿಗೆ ಟೈ ಕಟ್ಟಿದ ಮಾರಾಟಗಾರನೊಬ್ಬ ಬಂದ. ಮೇಜಿನ ಮೇಲೆ ಬಿಳಿ ಡಬ್ಬಿಯೊಂದನ್ನು ಇಟ್ಟ. ಸಾಬೂನಿನ ಪೆಟ್ಟಿಗೆಯಷ್ಟಿತ್ತು. ಹತ್ತಿರದವರ ದನಿಯನ್ನು ಕೇಳಿಸಿಕೊಂಡು ಮನಸ್ಸು ಹೇಗಿದೆಯೆಂದು ಅದು ಹೇಳುತ್ತದಂತೆ. ಉಲ್ಲಾಸವಿದ್ದರೆ ಹಸಿರು ದೀಪ, ದುಃಖಕ್ಕೆ ನೀಲಿ, ಸಿಟ್ಟಿಗೆ ಕೆಂಪು.

"ಪ್ರತಿ ಮೇಜಿಗೂ ಒಂದು," ಎಂದ ಅವನು. "ಯಾರ ದೀಪ ಎಷ್ಟು ಹೊತ್ತು ಹಸಿರಾಗಿತ್ತು ಅಂತ ತಿಂಗಳ ಕೊನೆಗೆ ವರದಿ ಬರುತ್ತೆ. ಬಡ್ತಿ ಕೊಡೋವಾಗ ತುಂಬಾ ಅನುಕೂಲ. ಸಂತೋಷವಾಗಿರೋ ನೌಕರರು ಚೆನ್ನಾಗಿ ಕೆಲಸ ಮಾಡ್ತಾರೆ ಅಂತ ವಿಜ್ಞಾನವೇ ಹೇಳಿದೆ."

ಮೇಡಂ ಕೋಣೆಯನ್ನು ಒಮ್ಮೆ ನೋಡಿದರು. "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?"

ಚಿತ್ರಗಾರ್ತಿಯ ಬಡ್ತಿ ಈ ವರ್ಷವೇ ಆಗಬೇಕಿತ್ತು. ಆಕೆ ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. ಅದು ಮರವನ್ನು ತಾಗಿದ ಸಣ್ಣ ಸದ್ದು ತಡೀರಿ ಸಾರ್‌ಗೆ ಕೇಳಿಸಿತು. ಹಿಂದಿನ ದಿನಗಳಲ್ಲಾಗಿದ್ದರೆ ಮಾತು ತಾನಾಗಿ ಹೊರಬಿದ್ದಿರುತ್ತಿತ್ತು. ಈಗ ಅವರು ಕುರ್ಚಿ ಸರಿಸಿ ಎದ್ದು ನಿಂತರು.

"ಸ್ವಲ್ಪ ತಡೀರಿ."

ಕೋಣೆಯಲ್ಲಿ ಎಲ್ಲರೂ ಹಿಂದೆ ತಿರುಗಿದರು.

"ನನ್ನ ಕಿವೀಲೂ ಒಂದು ಯಂತ್ರ ಇದೆ," ಎಂದರು ಸಾರ್, ತಲೆ ಓರೆಮಾಡಿ ತೋರಿಸುತ್ತ. "ಇತ್ತೀಚೆಗೆ ಹಾಕಿಸ್ಕೊಂಡೆ. ಒಳ್ಳೇ ಯಂತ್ರ, ಸುಳ್ಳು ಹೇಳ್ಬಾರ್ದು. ಬೇರೆಯವರು ಹೇಳಿದ್ದು ನನಗೆ ಕೇಳ್ಸಲಿ ಅಂತ ಇರೋದು. ಸಾಕು ಅನ್ನಿಸಿದ್ರೆ ತೆಗೆದು ಜೇಬಿಗೆ ಹಾಕ್ಕೋತೀನಿ. ನಿಮ್ಮ ಡಬ್ಬೀನ ಹಾಗೆ ತೆಗೆದಿಡಬಹುದಾ?"

"ಇಲ್ಲ ಸಾರ್. ತೆಗೆದಿಟ್ರೆ ಅಂಕ ಕಡಿಮೆ ಆಗುತ್ತೆ."

"ಸರಿ. ಸಂತೋಷವಾಗಿದ್ರೆ ಚೆನ್ನಾಗಿ ಕೆಲಸ ಮಾಡ್ತಾರೋ, ಕೆಲಸ ಚೆನ್ನಾಗಾದ್ರೆ ಸಂತೋಷವಾಗಿರ್ತಾರೋ, ಅದನ್ನ ಯಾರಾದ್ರೂ ನೋಡಿದ್ದಾರಾ?"

ಮಾರಾಟಗಾರ ನಕ್ಕ. "ಚರ್ಚೆ ಯಾಕೆ ಸಾರ್, ಪರೀಕ್ಷೆ ಮಾಡೇ ನೋಡೋಣ." ಡಬ್ಬಿಯನ್ನು ಎತ್ತಿ ತಂದು, ಎದುರಿಗೆ ಸಿಕ್ಕಿದ ಚಿತ್ರಗಾರ್ತಿಯ ಮುಂದೆಯೇ ಇಟ್ಟ. "ನಿಮಗೆ ಇವತ್ತು ಏನನ್ನಿಸ್ತಿದೆಯೋ ಹೇಳಿ. ನಿಜಾನೇ ಹೇಳಿ."

ಚಿತ್ರಗಾರ್ತಿ ಡಬ್ಬಿಯನ್ನು ನೋಡಿದಳು. "ನನಗೆ ಇವತ್ತು ತುಂಬಾ ಸಂತೋಷವಾಗಿದೆ," ಎಂದಳು, ಬಸ್ಸಿನ ನಂಬರು ಹೇಳಿದಂತೆ.

ದೀಪ ಕಡು ನೀಲಿಯಾಯಿತು.

"ನೋಡಿದ್ರಾ?" ಎಂದ ಮಾರಾಟಗಾರ ಗೆದ್ದವನಂತೆ. "ಬಾಯಲ್ಲಿ ಒಂದು, ಮನಸ್ಸಿನಲ್ಲಿ ಇನ್ನೊಂದು. ನಮ್ಮ ಯಂತ್ರಕ್ಕೆ ಅದು ಗೊತ್ತಾಗುತ್ತೆ."

"ನನ್ನ ತಂಗಿಗೆ ಬೆಳಿಗ್ಗೆ ಹೆಣ್ಣು ಮಗು ಆಯ್ತು," ಎಂದಳು ಚಿತ್ರಗಾರ್ತಿ. "ತುಂಬಾ ವರ್ಷ ಕಾದಿದ್ಲು. ನಾನು ದೊಡ್ಡಮ್ಮ ಆದೆ." ನೀಲಿ ಇನ್ನಷ್ಟು ಕಡುವಾಯಿತು.

ಕೋಣೆಯಲ್ಲಿ ಗದ್ದಲವೋ ಗದ್ದಲ. "ಏನ್ರೀ ಇದು, ಹೇಳೋದಲ್ವಾ!", "ಬೆಳಿಗ್ಗೆಯಿಂದ ಬಾಯಿ ಬಿಟ್ಟಿಲ್ಲ ನೋಡಿ ಈಕೆ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಯಾರೋ ಮೇಜು ಬಡಿದರು, ಯಾರೋ ಕುರ್ಚಿ ಹಾರಿ ಬಂದು ಆಕೆಯ ಕೈ ಕುಲುಕಿದರು. ಈ ಗದ್ದಲವೆಲ್ಲ ಜಗಳವೆಂದು ಬಗೆದ ಡಬ್ಬಿ ಕೆಂಪಗೆ ಮಿನುಗಿ ಮಿನುಗಿ ಕೀರಲು ದನಿಯಲ್ಲಿ ಎಚ್ಚರಿಕೆ ಕೊಡತೊಡಗಿತು. ಮಾರಾಟಗಾರ ಅದರ ಬೆನ್ನಿನ ಗುಂಡಿಗಾಗಿ ತಡಕಾಡುತ್ತ, "ಹೊಸ ಅಪ್‌ಡೇಟ್‌ನಲ್ಲಿ ಸರಿಹೋಗುತ್ತೆ, ಸರಿಹೋಗುತ್ತೆ," ಎಂದ.

"ಸರಿಹೋದ್ಮೇಲೆ ನೋಡೋಣ," ಎಂದರು ಮೇಡಂ. ಅವರೂ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಮಾರಾಟಗಾರ ಹೋದಮೇಲೆ ಮೇಡಂ ಕೊನೆಯ ಸಾಲಿಗೆ ಬಂದರು. ತಡೀರಿ ಸಾರ್ ಮತ್ತೆ ಎದ್ದು ನಿಂತರು. "ಮೇಡಂ, ಆ ಕನ್ನಡಕದ ವಿಷಯ..."

"ಅದನ್ನ ಆವತ್ತೇ ಬದಲಾಯಿಸಿದೆ. ನೀವು ಹೇಳಿದ್ದು ಸರಿಯಾಗೇ ಇತ್ತು," ಎಂದರು ಮೇಡಂ. "ಆದ್ರೆ ನೀವು ಹೀಗೆ ಹೇಳದೆ ಕೇಳದೆ ಸುಮ್ಮನಾಗ್ಬಾರ್ದು. ನೀವು ಸುಮ್ಮನಿದ್ರೆ ಎಲ್ಲ ಸರಿಯಾಗಿದೆ ಅಂದ್ಕೊಂಡು ನಾನು ಏನೇನೆಲ್ಲ ಮಾಡಿಬಿಟ್ಟೆ ಗೊತ್ತಾ? ಮೀಟಿಂಗ್ ಬಗ್ಗೆ ಮೀಟಿಂಗ್! ಯಾರಾದ್ರೂ ತಡೀಬಾರ್ದಿತ್ತಾ?"

"ಅದಕ್ಕೆ ಒಳ್ಳೇ ಮಾತಿತ್ತು ಮೇಡಂ. ನುಂಗಿಬಿಟ್ಟೆ."

"ಮುಂದಿನ ವಾರದಿಂದ ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ನನ್ನ ಮುಖ ನೋಡಿ ಹೇಳಿ."

ಅಷ್ಟರಲ್ಲಿ ಚಿತ್ರಗಾರ್ತಿಯ ಸುತ್ತ ಎಲ್ಲರೂ ಗುಂಪುಗೂಡಿದ್ದರು. ತಂಗಿಯ ಗಂಡ ಆಸ್ಪತ್ರೆಯಿಂದ ವಿಡಿಯೊ ಕಳಿಸಿದ್ದ. ಫೋನು ಕೈಯಿಂದ ಕೈಗೆ ದಾಟುತ್ತ ಸಾರ್ ಬಳಿ ಬಂತು. ಬಿಳಿ ಬಟ್ಟೆಯೊಳಗೆ ಒಂದು ಪುಟ್ಟ ಕೆಂಪು ಮುಖ. ಕಣ್ಣು ಬಿಡಬೇಕೋ ಬೇಡವೋ ಎಂದು ಯೋಚಿಸುತ್ತಿರುವಂತಿತ್ತು. ಅದು ಮುಖವನ್ನೆಲ್ಲ ಬಾಯಿ ಮಾಡಿಕೊಂಡು ಆಕಳಿಸಿತು.

"ಕೊನೇಲಿ ಒಂದು ಸದ್ದು ಮಾಡುತ್ತೆ ಸಾರ್," ಎಂದಳು ಚಿತ್ರಗಾರ್ತಿ. "ತುಂಬಾ ಸಣ್ಣದು."

"ಇನ್ನೊಂದ್ಸಲ ಹಾಕಿ."

ಮಾತಾಡುತ್ತಿದ್ದವರು ನಿಲ್ಲಿಸಿದರು. ಮೇಡಂ ಗೋಡೆಯ ಬಳಿ ಹೋಗಿ ಫ್ಯಾನಿನ ಸ್ವಿಚ್ಚು ಆರಿಸಿದರು. ರೆಕ್ಕೆಗಳು ನಿಧಾನವಾಗುತ್ತ, ಒಂದೊಂದಾಗಿ ಕಣ್ಣಿಗೆ ಕಾಣತೊಡಗಿದವು. ತಡೀರಿ ಸಾರ್ ಫೋನನ್ನು ಕಿವಿಯ ಹತ್ತಿರ ಹಿಡಿದು, ತಲೆ ಬಾಗಿಸಿ, ಕಣ್ಣು ಮುಚ್ಚಿಕೊಂಡರು.