ಮೇಷ್ಟ್ರ ಎಂಜಿನ್ ತಣ್ಣಗಿತ್ತು

೨೦೧೮ರ ಅಕ್ಟೋಬರ್ ೧೩, ಶನಿವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಸಾಯ್ಮಾ ಸರೋವರದ ಲೆಪ್ಪಲಹ್ತಿ ಕೊಲ್ಲಿಯಲ್ಲಿ ಗಾಳಿಯ ಉಷ್ಣತೆ ನಾಲ್ಕು ಡಿಗ್ರಿ, ನೀರಿನದು ಒಂಬತ್ತು. ಎರಡನ್ನೂ ಇಲ್ಪೋ ಕಾರ್ವೊನೆನ್ ಸ್ವತಃ ಅಳೆದು ದೋಣಿಕಟ್ಟೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಬರೆಯಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಬೇಡವೆಂದೂ ಯಾರೂ ಹೇಳಿರಲಿಲ್ಲ.

ಇಲ್ಪೋ ಆ ಊರಿನ ಶಾಲೆಯಲ್ಲಿ ಮೂವತ್ತೆರಡು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಈಗ ಅವರಿಗೆ ಉಳಿದಿದ್ದದ್ದು ದೋಣಿ ಸಂಘದ ಎಂಜಿನ್ ಮೇಲ್ವಿಚಾರಕರ ಹುದ್ದೆ. ಅದಕ್ಕೆ ಸಂಬಳವಿಲ್ಲ. ಒಂದು ಬೀಗದ ಕೈ, ಮತ್ತು ಸೂಚನಾಫಲಕದ ಮೇಲೆ ಕಾಗದ ಅಂಟಿಸುವ ಹಕ್ಕು, ಇಷ್ಟೇ. ಆದರೆ ಹೆಂಡತಿ ರೈಲಿಯೂ ಪೂರ್ತಿ ಕೇಳಿಸಿಕೊಳ್ಳದ ಮಾತುಗಳನ್ನು ನಲವತ್ತು ಮಂದಿ ನಿಂತು ಓದುವ ಜಾಗ ಆ ಫಲಕವೊಂದೇ. ಅಲ್ಲಿ ಅವರ 'ಚಳಿಗಾಲಕ್ಕೆ ಎಂಜಿನ್ ಸಿದ್ಧಗೊಳಿಸುವ ಕ್ರಮ' ತೂಗುತ್ತಿತ್ತು. ಒಟ್ಟು ಹದಿನೇಳು ಅಂಶ, ಪ್ರತಿಯೊಂದರ ಮುಂದೆ ಗುರುತು ಹಾಕಲು ಒಂದು ಚೌಕ.

ಈ ವರ್ಷ ಮೇಲ್ವಿಚಾರಕರ ಆಯ್ಕೆಗೆ ಹನ್ನೆಲೆ ರೌಟಿಯೊಳ ಹೆಸರನ್ನೂ ಕೆಲವರು ಆಡುತ್ತಿದ್ದಾರೆಂದು ಇಲ್ಪೋರ ಕಿವಿಗೆ ಬಿದ್ದಿತ್ತು. ಹನ್ನೆಲೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಂದು ಕಾಲದಲ್ಲಿ ಅವರದೇ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಹತ್ತಕ್ಕೆ ಏಳಕ್ಕಿಂತ ಹೆಚ್ಚು ಅಂಕ ತೆಗೆಯದ ಹುಡುಗಿ. ಆ ಮಾತು ಕೇಳಿದ ಮೇಲೆ ಇಲ್ಪೋ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಅದು ಕ್ರೇನ್ ಬರುವ ದಿನ. ಎಲ್ಲರ ದೋಣಿಗಳೂ ನೀರಿನಿಂದ ಮೇಲೆದ್ದು ಮರದ ಅಡ್ಡೆಗಳ ಮೇಲೆ ಕೂರಬೇಕು. ಇಲ್ಪೋರ ಸರದಿ ಒಂಬತ್ತು ಇಪ್ಪತ್ತಕ್ಕೆ. ಎಂಟು ಐವತ್ತೈದಕ್ಕೆ ಎಂಜಿನ್ ಚಾಲೂ ಮಾಡಿ ಇಪ್ಪತ್ತು ನಿಮಿಷ ಬಿಸಿ ಮಾಡುವುದೆಂದು ಅವರು ಲೆಕ್ಕ ಹಾಕಿದ್ದರು. ಅಷ್ಟರಲ್ಲಿ ಸಂಘದ ಅಧ್ಯಕ್ಷ ಯೊರ್ಮಾ ಬಂದ.

"ಇಲ್ಪೋ, ಮುಂದಿನ ಎರಡು ದೋಣಿಯೋರು ಬಂದೇ ಇಲ್ಲ. ಕ್ರೇನ್ ಸುಮ್ನೆ ನಿಂತಿದೆ. ನಿಂದು ತರ್ತೀಯಾ?"

"ಈಗಲೇ?"

"ಆಗಲ್ಲ ಅಂದ್ರೆ ಬಿಡು."

ಆಗಲ್ಲ ಎನ್ನುವುದು ಇಲ್ಪೋರ ಜಾಯಮಾನವಲ್ಲ. ಹಗ್ಗ ಬಿಚ್ಚಿ, ಕೊಕ್ಕೆಕೋಲಿನಿಂದ ದೂಡುತ್ತ, ಮೂವತ್ತು ಮೀಟರ್ ಆಚೆ ಕ್ರೇನಿನ ಪಟ್ಟಿಗಳ ತನಕ ದೋಣಿಯನ್ನು ತಾವೇ ತಂದರು. ದೋಣಿ ಅಡ್ಡೆಯ ಮೇಲೆ ಕೂತ ಮೇಲೆ ಜೇಬಿನಿಂದ ತಮ್ಮ ಹದಿನೇಳು ಅಂಶಗಳ ಪಟ್ಟಿಯನ್ನು ತೆಗೆದು ನೋಡಿದರು. ಐದನೇ ಅಂಶ, 'ಎಂಜಿನನ್ನು ಪೂರ್ತಿ ಬಿಸಿ ಮಾಡಿ', ಅದರ ಮುಂದೆ ಆಗಲೇ ಗುರುತು ಬಿದ್ದಿತ್ತು. ಹಿಂದಿನ ದಿನ ಆಯಿಲ್ ಬದಲಿಸುವಾಗ ಬಿಸಿ ಮಾಡಿದ್ದರಲ್ಲ, ಆಗ ಹಾಕಿದ ಗುರುತು. ಗುರುತು ಇದ್ದಮೇಲೆ ಕೆಲಸ ಆಗಿದೆ ಎಂದೇ ಅರ್ಥ. ಆ ಅರ್ಥಕ್ಕಾಗಿಯೇ ಅವರು ಚೌಕ ಬರೆದದ್ದು. ಇಲ್ಪೋ ಆರನೆಯದಕ್ಕೆ ಹೋದರು.

ಎಂಜಿನ್ ಒಳಗಿನ ಸರೋವರದ ನೀರನ್ನು ಹೊರದಬ್ಬಲು ಬಕೆಟ್ಟಿನಲ್ಲಿ ಚಳಿಗೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ಕೂಲಂಟ್ ಕಲಸಿ, ನೀರೆಳೆಯುವ ಕೊಳವೆಯನ್ನು ಅದರಲ್ಲಿ ಮುಳುಗಿಸಿ, ಎಂಜಿನ್ ಚಾಲೂ ಮಾಡಿದರು. ಒಂದೂವರೆ ನಿಮಿಷದಲ್ಲಿ ಹಿಂದಿನ ಹೊಗೆಕೊಳವೆಯಿಂದ ಗುಲಾಬಿ ಧಾರೆ ಬಿತ್ತು. ಇಲ್ಪೋ ಅದರಲ್ಲಿ ಒಂದು ಹನಿ ಹಿಡಿದು, ತಮ್ಮ ಪುಟ್ಟ ಅಳತೆಯ ಗಾಜಿನ ಮೇಲೆ ಹಾಕಿ, ಆಕಾಶದ ಕಡೆ ತಿರುಗಿ ಒಂದು ಕಣ್ಣು ಮುಚ್ಚಿದರು.

"ಮೈನಸ್ ಮೂವತ್ತಾರು!" ಎಂದು ಗಟ್ಟಿಯಾಗಿ ಹೇಳಿದರು. ಮೂವತ್ತಾರು ಡಿಗ್ರಿ ಚಳಿಯವರೆಗೂ ಅದು ಹೆಪ್ಪುಗಟ್ಟುವುದಿಲ್ಲ ಎಂದರ್ಥ.

ಪಕ್ಕದಲ್ಲಿ ಬೆಂಕಿಯ ಮೇಲೆ ಸಾಸೇಜ್ ಸುಡುತ್ತಿದ್ದ ನಾಲ್ಕು ಮಂದಿ ತಲೆಯೆತ್ತಿ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಸಾಸೇಜ್ ನೋಡಿದರು. ಇಲ್ಪೋ ಇದನ್ನು ಮೆಚ್ಚುಗೆ ಎಂದು ತಿಳಿದರು.

ಹನ್ನೆಲೆ ಏಣಿ ಹತ್ತಿ ಬಂದಳು. ಎಂಜಿನ್ ಮೇಲೆ ಅಂಗೈ ಇಟ್ಟಳು.

"ತಣ್ಣಗಿದೆ ಮೇಷ್ಟ್ರೇ."

"ಅಕ್ಟೋಬರ್ ಅಲ್ವೇನಮ್ಮ."

"ಹೌದು. ಅಕ್ಟೋಬರ್."

ಇನ್ನೊಬ್ಬರ ದೋಣಿಯ ವಿಷಯದಲ್ಲಿ ಲೆಪ್ಪಲಹ್ತಿಯ ಜನ ಇದಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ನೀನು ತಪ್ಪು ಮಾಡಿದ್ದೀಯ ಎಂದು ಮುಖದ ಮೇಲೆ ಹೇಳುವುದು, ಕರೆಯದೆ ಒಬ್ಬರ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದಂತೆ. ಹನ್ನೆಲೆ ಈಗಾಗಲೇ ಎರಡು ಸಲ ಮಾತಾಡಿದ್ದಳು.

"ನೀನು ಈ ಸಲವಾದ್ರೂ ಕೂಲಂಟ್ ಹಾಕಿದ್ಯಾ?" ಎಂದು ಇಲ್ಪೋ ಕೇಳಿದರು.

"ಇಲ್ಲ. ನಂದು ತಳದ ಬಿರಡೆ ಬಿಚ್ಚಿ ನೀರೆಲ್ಲ ಇಳಿಸಿಬಿಡ್ತೀನಿ. ಒಳಗೆ ಏನೂ ಇಲ್ದೇ ಇದ್ರೆ ಹೆಪ್ಪುಗಟ್ಟೋದಕ್ಕೆ ಏನಿದೆ ಹೇಳಿ?"

"ಅದು ಪಟ್ಟಿಯಲ್ಲಿಲ್ಲ."

"ಇಲ್ಲ, ಪಟ್ಟಿಯಲ್ಲಿಲ್ಲ," ಎಂದು ಹನ್ನೆಲೆ ಒಪ್ಪಿಕೊಂಡು ಇಳಿದುಹೋದಳು.

ಉಳಿದ ಹನ್ನೊಂದು ಚೌಕಗಳೂ ತುಂಬಿದ ಮೇಲೆ ಇಲ್ಪೋ ಟಾರ್ಪಾಲು ಹೊದಿಸಿ, ಅಂಚಿನಿಂದ ಅಂಚಿಗೆ ಸಮ ಅಂತರದಲ್ಲಿ ಗಂಟು ಹಾಕಿ, ಗಂಡಸರ ಸರದಿಯ ಸೌನಾಕ್ಕೆ, ಹಬೆಸ್ನಾನದ ಮನೆಗೆ, ಹೋದರು.

ವಾರ್ಷಿಕ ಸಭೆ ನವೆಂಬರ್ ಇಪ್ಪತ್ತನಾಲ್ಕರಂದು, ಮಧ್ಯಾಹ್ನ ಎರಡಕ್ಕೆ, ಸಂಘದ ಮರದ ಮನೆಯಲ್ಲಿ. ಅಲ್ಲಿಯವರೆಗೆ ಚಳಿ ಆಟವಾಡಿಸುತ್ತಲೇ ಇತ್ತು. ನಿಜವಾದ ಚಳಿ ಬಂದದ್ದು ಹಿಂದಿನ ಸಂಜೆ. ಬೆಳಗಾಗುವಾಗ ಮೈನಸ್ ಹನ್ನೊಂದು. ಕೊಲ್ಲಿಯ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿತ್ತು. ಕಾಫಿ ಮತ್ತು ಏಲಕ್ಕಿ ಬನ್ನಿನ ಸುತ್ತ ಇಪ್ಪತ್ತೊಂದು ಜನ ಕೂತಿದ್ದರು. ಕಾರ್ಯಸೂಚಿಯ ಆರನೆಯದು ಸದಸ್ಯರ ಪ್ರಶ್ನೆಗಳು, ಏಳನೆಯದು ಮೇಲ್ವಿಚಾರಕರ ಆಯ್ಕೆ. ಆರನೆಯದು ಸಾಮಾನ್ಯವಾಗಿ ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ. ಈ ಸಲ ಎಮ್ಮಿ ಎಂಬ ಹೊಸ ಸದಸ್ಯೆ ಕೈಯೆತ್ತಿಬಿಟ್ಟಳು. ಅವಳು ಸಂಘಕ್ಕೆ ಸೇರಿ ಮೂರು ವಾರವಾಗಿತ್ತಷ್ಟೇ.

"ಆ ಪಟ್ಟಿ ಓದಿದೆ. ತುಂಬಾ ಚೆನ್ನಾಗಿದೆ. ಆದ್ರೆ ಐದನೇದು... ಎಂಜಿನ್ ಬಿಸಿ ಮಾಡ್ಲೇಬೇಕಾ? ಯಾಕೆ?"

ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಇಲ್ಪೋ ಎದ್ದು ನಿಂತರು. ಕೈ ತಾನಾಗಿಯೇ ಇಲ್ಲದ ಸೀಮೆಸುಣ್ಣವನ್ನು ಹುಡುಕಿತು.

"ಒಳ್ಳೇ ಪ್ರಶ್ನೆ. ನೋಡು, ಎಂಜಿನ್ ಒಳಗೆ ಥರ್ಮೋಸ್ಟ್ಯಾಟ್ ಅಂತ ಒಂದು ಬಾಗಿಲಿರುತ್ತೆ. ಎಂಜಿನ್ ತಣ್ಣಗಿದ್ರೆ ಅದು ಮುಚ್ಚಿರುತ್ತೆ. ಆಗ ನೀನು ಎಷ್ಟು ಕೂಲಂಟ್ ಎಳೆಸಿದ್ರೂ ಅದು ಒಳಗೆ ಹೋಗೋದೇ ಇಲ್ಲ. ಪಕ್ಕದ ದಾರಿಯಿಂದ ನೇರ ಹೊಗೆಕೊಳವೆಗೆ ಬಂದು ಬಿದ್ದುಬಿಡುತ್ತೆ. ಹೊರಗಿನಿಂದ ನೋಡೋನಿಗೆ ಎಲ್ಲ ಸರಿಯಾಗಿದೆ ಅನ್ಸುತ್ತೆ. ಗುಲಾಬಿ ಬಂತು ಅಂತ ಖುಷಿಪಡ್ತಾನೆ, ಹನಿ ಹಿಡಿದು ಅಳೆದೂ ನೋಡ್ತಾನೆ. ಆದ್ರೆ ಬ್ಲಾಕಿನ ಒಳಗೆ, ಎಂಜಿನ್ನಿನ ಹೊಟ್ಟೇಲಿ, ಕೆರೆಯ ನೀರು ಹಾಗೇ..."

ಇಲ್ಪೋರ ಮಾತು ಅಲ್ಲೇ ಹನ್ನೆರಡು ಸೆಕೆಂಡು ನಿಂತಿತು.

ಲೆಪ್ಪಲಹ್ತಿಯ ಸಭೆಗಳಲ್ಲಿ ಹನ್ನೆರಡು ಸೆಕೆಂಡು ಹೆಚ್ಚೇನಲ್ಲವಾದ್ದರಿಂದ ಎಮ್ಮಿಯೊಬ್ಬಳ ಹೊರತು ಯಾರೂ ತಲೆಯೆತ್ತಲಿಲ್ಲ. ಆ ಹೊತ್ತಿನಲ್ಲಿ ಇಲ್ಪೋರ ತಲೆ ಲೆಕ್ಕ ಹಾಕುತ್ತಿತ್ತು: ಮೈನಸ್ ಹನ್ನೊಂದು, ಸುಮಾರು ಹದಿನೇಳು ಗಂಟೆ, ಟಾರ್ಪಾಲಿನ ಅಡಿ, ಎರಕದ ಕಬ್ಬಿಣ. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಎರಕದ ಕಬ್ಬಿಣ ಹಿಗ್ಗುವುದಿಲ್ಲ, ಬಿರಿಯುತ್ತದೆ. ಇದನ್ನು ಅವರು ಮೂವತ್ತೆರಡು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದರು.

"...ಹಾಗೇ ಉಳಿಯುತ್ತೆ," ಎಂದು ಮುಗಿಸಿದರು. "ನಾನು ಒಂದು ನಿಮಿಷ ಹೊರಗೆ ಹೋಗಿ ಬರ್ತೀನಿ."

"ಏಳನೇದು ನಿಂದೇ ಕಣಯ್ಯ," ಎಂದ ಯೊರ್ಮಾ.

"ಕಾಫಿ ಕುಡೀತಿರಿ."

ಕೋಟಿನ ಗುಂಡಿ ಹಾಕಿಕೊಳ್ಳದೆ ಅರವತ್ತು ಹೆಜ್ಜೆ ನಡೆದು, ಏಣಿ ಹತ್ತಿ, ಸಮ ಅಂತರದ ಗಂಟುಗಳನ್ನು ಒಂದೊಂದಾಗಿ ಕಿತ್ತು, ಎಂಜಿನ್ ಮುಚ್ಚಳ ಎತ್ತಿದರು. ಮಂಡಿಯೂರಿ ಬ್ಲಾಕಿನ ತಳಕ್ಕೆ ಬೆರಳು ತೂರಿಸಿದರು, ಬಿರುಕು ಸಿಗುತ್ತದೆಂದು. ಸಿಕ್ಕಿದ್ದು ಒಂದು ತೂತು. ದುಂಡಗಿನ, ತಿರುಪಿನ ಗೆರೆಗಳಿರುವ, ಒಣಗಿದ ತೂತು. ಅಲ್ಲಿರಬೇಕಾದ ಹಿತ್ತಾಳೆ ಬಿರಡೆ, ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಕೀಲಿ ತಿರುಗಿಸುವ ಜಾಗದ ಪಕ್ಕದಲ್ಲೇ ತೂಗುತ್ತಿತ್ತು. ಚೀಲದ ಮೇಲೆ ತಾರೀಖು: ೧೩.೧೦.

ಹಿಂದೆ ಏಣಿ ಕಿರುಗುಟ್ಟಿತು. ಹನ್ನೆಲೆ ಅವರ ಉಣ್ಣೆ ಟೋಪಿ ಹಿಡಿದು ಬಂದಿದ್ದಳು.

"ಕಿವಿ ಉದುರಿಹೋಗುತ್ತೆ, ಹಾಕ್ಕೊಳ್ಳಿ."

"ಯಾವಾಗ ತೆಗೆದೆ?"

"ಅವತ್ತೇ. ನೀವು ಸೌನಾದಲ್ಲಿದ್ರಿ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ, ತಣ್ಣಗಿದೆ ಅಂತ."

ಇಲ್ಪೋ ಟೋಪಿ ಹಾಕಿಕೊಂಡರು. "ಇದು ಯಾರ್ಯಾರಿಗೆ ಗೊತ್ತು?"

ಹನ್ನೆಲೆ ಸ್ವಲ್ಪ ಯೋಚಿಸಿದಳು. "ಎಮ್ಮಿಗೆ ಗೊತ್ತಿಲ್ಲ."

"ಅಂದ್ರೆ ಉಳಿದವರೆಲ್ಲ... ರೈಲಿಗೂ?"

"ಟಾರ್ಚ್ ಹಿಡಿದಿದ್ದೇ ಅವರು."

ಆರು ವಾರ ಆ ಹೆಂಗಸು ಪ್ರತಿ ಬೆಳಿಗ್ಗೆ ಎದುರು ಕೂತು ಗಂಜಿ ಕುಡಿದಿದ್ದಳು, ತುಟಿ ಪಿಟಕ್ಕೆನ್ನದೆ.

"ಬನ್ನಿ ಮೇಷ್ಟ್ರೇ, ಏಳನೇದು ಶುರುವಾಗುತ್ತೆ. ಯಾರೂ ಏನೂ ಹೇಳಲ್ಲ. ಇನ್ನೂ ಹತ್ತೊಂಬತ್ತು ವರ್ಷ ಬೇಕಾದ್ರೂ ಹೇಳಲ್ಲ."

ಅದು ನಿಜವೆಂದು ಇಲ್ಪೋರಿಗೆ ಗೊತ್ತಿತ್ತು. ಇವರೆಲ್ಲ ಈ ಗುಟ್ಟನ್ನು ಮಣ್ಣಿಗೇ ಒಯ್ಯುವವರು. ಅವರು ಸುಮ್ಮನೆ ಒಳಗೆ ಹೋಗಿ ಕೂತರೆ ಸಾಕು, ಬೀಗದ ಕೈ ಅವರದೇ, ಫಲಕವೂ ಅವರದೇ. ಮುಂದಿನ ಅಕ್ಟೋಬರಿನಲ್ಲೂ ನಲವತ್ತು ಮಂದಿ ಆ ಪಟ್ಟಿಯ ಮುಂದೆ ನಿಂತು, ಓದುವವರಂತೆ ತಲೆದೂಗುತ್ತಾರೆ.

ಒಳಗೆ ಬಂದಾಗ ಯೊರ್ಮಾ ಆಗಲೇ ಪುಟ್ಟ ಸುತ್ತಿಗೆ ಎತ್ತಿದ್ದ. "ಏಳು. ಎಂಜಿನ್ ಮೇಲ್ವಿಚಾರಕರಾಗಿ ಇಲ್ಪೋ ಕಾರ್ವೊನೆನ್ ಮುಂದುವರಿಯಬಹುದು ಅಂತ—"

"ಒಂದು ಮಾತು," ಎಂದರು ಇಲ್ಪೋ, ಕೂರದೆ. "ನಾನು ಈ ಸಲ ತಣ್ಣಗಿರೋ ಎಂಜಿನ್‌ಗೆ ಕೂಲಂಟ್ ಹಾಕಿದೆ. ಹಿಂದಿನ ದಿನದ ಗುರುತು ನೋಡಿ ಐದನೇದು ಆಯ್ತು ಅಂದ್ಕೊಂಡೆ. ಒಳಗೆ ನೀರು ಉಳಿದಿತ್ತು. ಹನ್ನೆಲೆ ತೆಗೆದಿದ್ದಾಳೆ. ನಿಮಗೆಲ್ಲ ಗೊತ್ತು."

ಇಡೀ ಕೋಣೆ ತನ್ನ ತನ್ನ ಬೂಟುಗಳನ್ನು ನೋಡತೊಡಗಿತು. ಇಲ್ಪೋ ಬಟ್ಟೆ ಬಿಚ್ಚಿ ನಿಂತಿದ್ದರೂ ಅಲ್ಲಿ ಇಷ್ಟು ಮುಜುಗರವಾಗುತ್ತಿರಲಿಲ್ಲ. ಸೌನಾದಲ್ಲಿ ಅದು ವಾರಕ್ಕೆರಡು ಸಲ ನಡೆಯುವುದೇ. ರೈಲಿ ಮಾತ್ರ ಗಂಡನ ಕಡೆ ನೋಡಿದಳು. ಬಹಳ ವರ್ಷಗಳ ನಂತರ ಅವರ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡವಳಂತೆ ಕಾಣುತ್ತಿದ್ದಳು.

"ಇದನ್ನ ಹೇಳೋ ಅಗತ್ಯ ಏನಿತ್ತೋ ಮಾರಾಯ," ಎಂದು ಯೊರ್ಮಾ ಗೊಣಗಿದ. "ಸಭೆಯ ಮಧ್ಯೆ."

"ನಾನು ಹನ್ನೆಲೆ ಹೆಸರು ಸೂಚಿಸ್ತೀನಿ."

"ನಂಗೆ ಬೇಡಪ್ಪ," ಎಂದಳು ಹನ್ನೆಲೆ. "ಎಂಜಿನ್ ನೋಡ್ತೀನಿ. ಬರೆಯೋದು ನನ್ನ ಕೈಲಾಗಲ್ಲ."

"ಬರೆಯೋದು ನಾನು ಬರೀತೀನಿ."

"ಹದಿನೇಳು ಅಂಶ ಬೇಡ."

"ಎಷ್ಟು?"

"ನಾಲ್ಕು."

ಇಲ್ಪೋರ ಮುಖದಲ್ಲಿ ನೋವು ಹಾದುಹೋಯಿತು. ಹುದ್ದೆ ಬಿಡುವಾಗ ಇಷ್ಟಾಗಿರಲಿಲ್ಲ. "ಒಂಬತ್ತು," ಎಂದರು.

"ಆರು. ಇದೇ ಕೊನೆ."

ಇಪ್ಪತ್ತು ಕೈಗಳು ಮೇಲೆದ್ದವು. ಮೊದಲು ಎದ್ದದ್ದು ಇಲ್ಪೋರದು. ಬೀಗದ ಕೈ ಜೇಬಿನಿಂದ ಮೇಜಿಗೆ, ಮೇಜಿನಿಂದ ಹನ್ನೆಲೆಯ ಜೇಬಿಗೆ ಹೋಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೋ ಬನ್ನಿನ ತಟ್ಟೆಯನ್ನು ಇಲ್ಪೋರ ಕಡೆಗೆ ಸರಿಸಿದರು.

ಉಳಿದದ್ದು ಸಂಘದ ದಾಖಲೆ ಪುಸ್ತಕದಲ್ಲಿ ಆ ವರ್ಷದ ಎಂಜಿನ್ ಲೋಪಗಳನ್ನು ಬರೆಯುವುದು. ಹೊಸ ಮೇಲ್ವಿಚಾರಕಿ ಪುಸ್ತಕವನ್ನು ಹಳೆಯ ಮೇಲ್ವಿಚಾರಕರ ಮುಂದಿಟ್ಟಳು.

"ಏನಂತ ಬರೀಲಿ?"

"ಆಗಿದ್ದು ಬರೀರಿ."

ಇಲ್ಪೋ ತಾರೀಖು ಬರೆದರು, ತಮ್ಮ ಹೆಸರು ಬರೆದರು. ತಣ್ಣಗಿದ್ದ ಎಂಜಿನ್‌ಗೆ ಕೂಲಂಟ್ ಹಾಕಲಾಗಿದೆ, ಥರ್ಮೋಸ್ಟ್ಯಾಟ್ ಮುಚ್ಚಿತ್ತು, ಬ್ಲಾಕಿನಲ್ಲಿ ಉಳಿದಿದ್ದ ಸರೋವರದ ನೀರನ್ನು ಹನ್ನೆಲೆ ರೌಟಿಯೊ ಇಳಿಸಿದ್ದಾರೆ ಎಂದು ಬರೆದರು. ಅಲ್ಲಿಗೆ ಪೆನ್ನು ನಿಂತಿತು.

"ಸುಮಾರು ಎಷ್ಟಿತ್ತು ನೀರು?"

"ಸುಮಾರು ಯಾಕೆ? ಬಕೆಟ್ ಮೇಲೆ ಗೆರೆ ಇತ್ತಲ್ಲ," ಎಂದು ಹನ್ನೆಲೆ ಸಂಖ್ಯೆ ಹೇಳಿದಳು.

ಇಲ್ಪೋ ಅದನ್ನು ಬರೆದು, ಅಡಿಗೆರೆ ಎಳೆದರು: ೩.೪ ಲೀಟರ್.