ಮುಕ್ಕಳಿಸುವ ಪಕ್ಷ, ಉಗಿಯುವ ಪಕ್ಷ

ನನ್ನ ಇಬ್ಬರು ಸೋದರಮಾವಂದಿರೂ ಹಲ್ಲಿನ ಡಾಕ್ಟರು. ಒಂದೇ ರಸ್ತೆಯಲ್ಲಿ ಎದುರುಬದುರು ಕ್ಲಿನಿಕ್ಕು, ಒಂಬತ್ತು ವರ್ಷದಿಂದ ಮಾತಿಲ್ಲ ಕತೆಯಿಲ್ಲ. ಮೊದಲು ಒಟ್ಟಿಗೇ ಇದ್ದರು. ಕಿಟಕಿ ಪಕ್ಕದ ಕುರ್ಚಿ ಯಾರದು ಎಂಬ ಮಾತಿಗೆ ಮಾತು ಬೆಳೆದು, ಚಿಕ್ಕಮಾವ ಇಕ್ಕಳಗಳನ್ನೆಲ್ಲ ಡಬ್ಬಿಗೆ ತುಂಬಿಕೊಂಡು ರಸ್ತೆ ದಾಟಿಬಿಟ್ಟರು. ಅಂದಿನಿಂದ ಅವರ ಅಕ್ಕ, ಅಂದರೆ ನನ್ನಮ್ಮ, ದೊಡ್ಡವನಿಗೆ ಶನಿವಾರ ಊಟ ಹಾಕುತ್ತಾಳೆ, ಚಿಕ್ಕವನಿಗೆ ಭಾನುವಾರ. ಇಬ್ಬರನ್ನೂ ಒಂದೇ ಮೇಜಿನಲ್ಲಿ ನೋಡಬೇಕೆಂಬ ಆಸೆಯನ್ನು ಅವಳು ಬಾಯಿಬಿಟ್ಟು ಹೇಳುವುದನ್ನೇ ನಿಲ್ಲಿಸಿದ್ದಳು.

ನನ್ನ ಕಸುಬು ಬೇರೆಯವರ ಹೆಸರಿನಲ್ಲಿ ಜಾಲತಾಣಗಳಿಗೆ ಪೋಸ್ಟ್ ಬರೆಯುವುದು. ವಕೀಲರು, ಡಾಕ್ಟರು, ಕಟ್ಟಡದ ನಕ್ಷೆ ಮಾಡುವವರು, ಎಲ್ಲರೂ ನನ್ನ ಗಿರಾಕಿಗಳೇ. ಹೆಸರು ಅವರಿಗೆ, ಕಣ್ಣುರಿ ನನಗೆ.

ಒಂದು ಶನಿವಾರ ದೊಡ್ಡಮಾವ ಅಡುಗೆಮನೆಗೇ ಬಂದರು. "ಪುಟ್ಟಿ, ನಂಗೂ ಏನಾದ್ರೂ ಬರ್ಕೊಡೇ. ನಾಲ್ಕು ಜನ ಡಾಕ್ಟರು ನನ್ ಮಾತು ಕೇಳ್ಬೇಕು. ಆದ್ರೆ ಎದುರಿನವನಿಗೆ ಗೊತ್ತಾಗ್ಬಾರ್ದು." ಮಾರನೆಯ ದಿನ ಚಿಕ್ಕಮಾವ ಅದೇ ಜಾಗದಲ್ಲಿ ನಿಂತು ಅದೇ ಮಾತು ಹೇಳಿದರು. ಒಬ್ಬರಿಗಾದರೂ ಆಗಲ್ಲ ಎನ್ನಬೇಕಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಇಬ್ಬರಿಗೂ ಹೂಂ ಅಂದೆ.

ಎರಡು ತಿಂಗಳು ಯಾರೂ ತಿರುಗಿ ನೋಡಲಿಲ್ಲ. ಹಲ್ಲಿನ ಮಹತ್ವದ ಬಗ್ಗೆ ಬರೆದದ್ದಕ್ಕೆಲ್ಲ ಮೂರು ಲೈಕು, ಅದರಲ್ಲಿ ಒಂದು ಅಮ್ಮನದು. ಆಗ ನನಗೆ ಚೇಷ್ಟೆ ಹೊಳೆಯಿತು. ದೊಡ್ಡಮಾವನ ಖಾತೆಯಿಂದ ಹಾಕಿದೆ: "ಉಜ್ಜಿದ ಮೇಲೆ ಚೆನ್ನಾಗಿ ಮುಕ್ಕಳಿಸಿ. ಮುಕ್ಕಳಿಸದವನು ಅರ್ಧ ಉಜ್ಜಿದ ಹಾಗೆ." ಇಪ್ಪತ್ತು ನಿಮಿಷ ಬಿಟ್ಟು ಚಿಕ್ಕಮಾವನ ಖಾತೆಯಿಂದ: "ಉಗಿಯಿರಿ, ಸಾಕು. ಮುಕ್ಕಳಿಸಿದರೆ ಪೇಸ್ಟಿನ ಗುಣವೆಲ್ಲ ಚರಂಡಿ ಪಾಲು. ಇಷ್ಟೂ ಗೊತ್ತಿಲ್ಲದವರು ಡಾಕ್ಟರಾ?"

ಹತ್ತಿಕೊಂಡಿತು ನೋಡಿ! ಊರೂರಿನ ಹಲ್ಲಿನ ಡಾಕ್ಟರುಗಳೆಲ್ಲ ಕಚ್ಚೆ ಕಟ್ಟಿ ಇಳಿದರು. ಮುಕ್ಕಳಿಸುವ ಪಕ್ಷ, ಉಗಿಯುವ ಪಕ್ಷ ಎಂದು ಎರಡಾಯಿತು. ಬೆಳಿಗ್ಗೆ ಎಂಟೂವರೆಗೆ ಬಸ್ಸಿನಲ್ಲಿ ನಿಂತೇ ಬೈಯುತ್ತಿದ್ದೆ, ಕಚೇರಿ ಮೆಟ್ಟಿಲು ಹತ್ತುವಷ್ಟರಲ್ಲಿ ನನಗೆ ನಾನೇ ಉತ್ತರ ಕೊಡುತ್ತಿದ್ದೆ. ಮೂರು ತಿಂಗಳಲ್ಲಿ ಇಬ್ಬರ ಹಿಂದೆಯೂ ಹನ್ನೆರಡು ಸಾವಿರ ಜನ.

"ಅವನಿಗೆ ಯಾರೋ ಬರ್ಕೊಡ್ತಿದಾರೆ ಕಣೇ," ಎಂದರು ದೊಡ್ಡಮಾವ. "ಅವನಿಗೆ ರಜಾ ಚೀಟಿ ಬರೆಯೋಕೂ ಬರಲ್ಲ. ಆದ್ರೂ ಬರ್ದೋನು ಭಲೇ ಕಿಲಾಡಿ." ನಾನು ತಟ್ಟೆಯಲ್ಲೇ ಮುಖ ಹುದುಗಿಸಿ ಹಿಗ್ಗಿದೆ. ಆದರೆ ಗುಟ್ಟು ಬಯಲಾದರೆ ಇಬ್ಬರೂ ಈ ಹೊಸಿಲು ತುಳಿಯುವುದಿಲ್ಲ. ಅಮ್ಮನಿಗೆ ಶನಿವಾರವೂ ಇಲ್ಲ, ಭಾನುವಾರವೂ ಇಲ್ಲ.

ಈ ಕಸುಬಿನಲ್ಲಿ ಒಂದು ಸೂತ್ರವಿದೆ. ಗೆದ್ದ ಕತೆಗಿಂತ ಸೋತ ಕತೆಗೆ ಜನ ಹೆಚ್ಚು. ಚಿಕ್ಕಮಾವನ ಹತ್ತಿರ ಒಂದು ಸೋಲು ಕೇಳಿದೆ. ಅವರು ಒಂದು ಹೇಳಿದರು. ನಾನು ಹಾಗೇ ಬರೆದೆ: "ಮೊದಲ ಹಲ್ಲು ಕೀಳುವಾಗ ನನ್ನ ಕೈ ನಡುಗಿತು. ಅಣ್ಣ ಹಿಂದಿನಿಂದ ಬಂದು ಮಣಿಕಟ್ಟು ಹಿಡಿದ. ರೋಗಿಗೆ, ಇಕ್ಕಳ ಸರಿಯಿಲ್ಲ, ತಪ್ಪು ನನ್ನದು ಅಂದ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ ಅವನು. ನಾನೂ ಅವನಿಗೆ ಒಂದು ಮಾತು ಹೇಳಿಲ್ಲ."

ಬಸ್ಸು ಗಕ್ಕನೆ ನಿಂತಿತು, ಯಾರದೋ ಮೊಣಕೈ ತಗುಲಿತು, ನಾನು ಗುಂಡಿ ಒತ್ತಿಬಿಟ್ಟೆ. ಇಳಿದು ನೋಡಿದರೆ ಪೋಸ್ಟು ದೊಡ್ಡಮಾವನ ಖಾತೆಯಲ್ಲಿ ಕೂತಿದೆ! ಖಾತೆ ಬದಲಿಸುವುದನ್ನೇ ಮರೆತಿದ್ದೆ. ಅಳಿಸುವಷ್ಟರಲ್ಲಿ ನಾನೂರು ಜನ ಓದಿಯಾಗಿತ್ತು. "ಡಾಕ್ಟ್ರೇ, ನಿಮಗೂ ಅಣ್ಣ ಇದಾರಾ?" ಎಂದು ಯಾರೋ ಕೇಳಿದ್ದರು.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಇಬ್ಬರ ಚಪ್ಪಲಿ. ಅದೂ ಮಂಗಳವಾರ.

"ಅವನ ಕತೆ ನನ್ನ ಖಾತೇಲಿ! ಇಬ್ರಿಗೂ ಬರ್ಕೊಡ್ತಿದ್ದಿದ್ದು ನೀನೇನಾ?" ದೊಡ್ಡಮಾವ ಗುಡುಗಿದರು.

"ನನ್ನನ್ನ ಇಷ್ಟು ದಿನ ಬೈದಿದ್ದು ನೀನಾ?" ಚಿಕ್ಕಮಾವನೂ ಶುರುಮಾಡಿದರು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಬೈದರು. ಒಂಬತ್ತು ವರ್ಷದಲ್ಲಿ ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು.

"ಕೂತ್ಕೊಂಡು ಬೈರೋ, ಕತ್ತೆಗಳಾ," ಎಂದಳು ಅಮ್ಮ, ಕಾಫಿ ತರುತ್ತಾ. ಇದ್ದದ್ದು ಒಂದೇ ಸೋಫಾ. ಕೂತರು.

ದೊಡ್ಡಮಾವ ಲೋಟ ನೋಡುತ್ತಾ ಕೇಳಿದರು, "ಕೈ ನಡುಗಿದ್ದು ಇನ್ನೂ ನೆನಪಿದ್ಯೇನೋ ನಿಂಗೆ?"

"ನೀನು ಹಿಡಿದಿದ್ದು ನೆನಪಿದೆ ಅಣ್ಣ."

ಅಮ್ಮ ಒಳಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡಳು. ಆಮೇಲೆ ಇಬ್ಬರೂ ಒಕ್ಕೊರಲಿನಿಂದ ನನ್ನನ್ನು ಕೆಲಸದಿಂದ ತೆಗೆದುಹಾಕಿದರು.

ಮಾರನೆಯ ದಿನ ಅವರೇ ಬರೆದು ಹಾಕಿದರು: "ಮುಕ್ಕಳಿಸುವುದೂ ಸರಿ, ಉಗಿಯುವುದೂ ಸರಿ." ಹನ್ನೊಂದು ಲೈಕು.

ಶನಿವಾರ ಮಧ್ಯಾಹ್ನ ಕಚೇರಿಯಲ್ಲಿದ್ದಾಗ ದೊಡ್ಡಮಾವನ ಫೋನು. "ಪುಟ್ಟಿ, ಇವನ ಉಗಿಯೋ ಸಿದ್ಧಾಂತಕ್ಕೆ ಒಂದು ಖಾರವಾದ ಉತ್ತರ ಬರಿ." ಅಷ್ಟರಲ್ಲಿ ಅದೇ ಫೋನಿನಲ್ಲಿ ಚಿಕ್ಕಮಾವನ ದನಿ, "ಅದಕ್ಕಿಂತ ಖಾರವಾಗಿ ನಂದು ಬರೀಬೇಕು, ಗೊತ್ತಾಯ್ತಾ?" ಹಿಂದೆ ಅಮ್ಮ ಕೂಗುತ್ತಿದ್ದಳು, ಮೊದಲು ಇಬ್ರೂ ಕೈ ತೊಳ್ಕೊಂಡು ಊಟಕ್ಕೆ ಬನ್ನಿ ಅಂತ.